ನಂಜಣ್ಣನನ್ನು ಜೋಳದ ವ್ಯಾಪಾರಿ ಮಾಡಿದ್ದು

ನಂಜಣ್ಣ, ಒಂಬತ್ತು ವರ್ಷದ ಹಿಂದೆ ಗುಬ್ಬಿಯ ನಮ್ಮ ಮನೆಯಲ್ಲಿ, ನೀವು ಎದುರಿಗೇ ನಿಂತಿರುವಾಗ, ನಿಮ್ಮನ್ನು ಮುಸುಕಿನ ಜೋಳದ ವ್ಯಾಪಾರಿ ಎಂದು ಅವ್ವನಿಗೆ ಹೇಳಿದೆ. ಬಾಯಿತಪ್ಪಿ ಬಂದದ್ದಲ್ಲ — ಬೇಕೆಂದೇ ಹೇಳಿದ ಸುಳ್ಳು.

ನಮ್ಮ ಮನೆತನದಲ್ಲಿ ಡಿಗ್ರಿ ಮುಟ್ಟಿದ ಮೊದಲನೆಯವಳು ನಾನು. ಆ ಹೆಮ್ಮೆ ಇವತ್ತಿಗೂ ಇದೆ, ಇರಲಿ. ಆದರೆ ಎಂ.ಎಸ್ಸಿ. ಮುಗಿಸಿ ನಾನು ಸೇರಿದ್ದು ತುಮಕೂರಿನ ಕೊಳಚೆ ನೀರು ಶುದ್ಧಿ ಮಾಡುವ ಘಟಕದ ಪಕ್ಕದ ಶೆಡ್ಡಿಗೆ. ತೊಟ್ಟಿಯ ತಳದ ಕೆಸರಿನಿಂದ, ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್ ತೆಗೆಯುವ ಕೆಲಸ. ಊರಿನ ಕಕ್ಕಸಿನ ನೀರೆಂದು, ದಿನಾ ಲಿಂಗಪೂಜೆ ಮಾಡುವ ಅವ್ವನಿಗೆ ಹೇಗೆ ಹೇಳಲಿ? ಜೋಳದ ಹಿಟ್ಟಿನಿಂದ ಮಾಡುತ್ತೇವೆ ಎಂದಿದ್ದೆ.

ಕೆಲಸ ಕಲಿಸಿದವರು ನೀವು. ಕೆಸರಿನ ಸೂಕ್ಷ್ಮಜೀವಿಗಳನ್ನು ಹಸಿವಿನಲ್ಲಿಟ್ಟು, ಆಮೇಲೆ ಒಮ್ಮೆಲೇ ತಿನ್ನಲು ಕೊಟ್ಟರೆ, ಮಿಕ್ಕಿದ್ದನ್ನು ಮೈಯಲ್ಲಿ ಕೂಡಿಡುತ್ತವೆ — ನಮಗೆ ಬೊಜ್ಜು ಬಂದ ಹಾಗೆ. ಆ ಬೊಜ್ಜೇ ಪ್ಲಾಸ್ಟಿಕ್. ಯಾವಾಗ ಕೊಡಬೇಕೆಂದು ನಾನು ಮೀಟರು ಹಿಡಿದು ಒದ್ದಾಡುತ್ತಿದ್ದರೆ, ಪಂಪ್ ಆಪರೇಟರ್ ಆಗಿದ್ದ ನೀವು ನೊರೆ ನೋಡಿಯೇ ಹೇಳುತ್ತಿದ್ದಿರಿ: “ಹೊಟ್ಟೆ ಹಸ್ದೈತೆ ಇವಕ್ಕೆ, ಈಗ ಇಕ್ಕು ತಾಯಿ. ನಿನ್ ಮೀಟ್ರು ನಿಧಾನಕ್ ಬರ್ಲಿ.”

ಮೊದಲ ಸಲ ಅಂಗೈಯಗಲದ ಪ್ಲಾಸ್ಟಿಕ್ ಹಾಳೆ ಬಂದಾಗ, “ಅವ್ವಂಗೆ ತೋರ್ಸೋಣ ನಡಿ” ಎಂದು ಹೊರಡಿಸಿದವರೂ ನೀವೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಾಳೆಹಣ್ಣು. ಇವರು ಯಾರೆಂದು ಅವ್ವ ಕೇಳಿದಳು. ನಾನು ಆ ಸುಳ್ಳು ಹೇಳಿದೆ.

“ಈ ಸಲ ಜೋಳ ಎಂಗೈತಣ್ಣ?” ಎಂದಳು ಅವ್ವ, ಖುಷಿಯಿಂದ.

ನೀವು ನನ್ನ ಮುಖ ನೋಡಿದಿರಿ. ಒಂದೇ ಗಳಿಗೆ.

“ತ್ಯಾವ ಜಾಸ್ತಿ ಕಣಕ್ಕ, ಒಣಗ್ಸೋದೇ ಕಷ್ಟ.”

ಅವ್ವ ಆ ಹಾಳೆಯನ್ನು ಕಣ್ಣಿಗೊತ್ತಿಕೊಂಡು, ವಿಭೂತಿ ಗಟ್ಟಿಗೆ ಸುತ್ತಿ ದೇವರ ಗೂಡಲ್ಲಿಟ್ಟಳು. ಆಗಲಾದರೂ ನಾನು... ಇಲ್ಲ, ಬಾಯಿ ಬಿಡಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ನೀವು ಅಂದದ್ದು ಒಂದೇ ಮಾತು: “ಚೆನ್ನಾಗ್ ಸ್ನಾನ ಮಾಡ್ಕೊಂಡೇ ಬಂದಿದ್ನಲ್ಲ ತಾಯಿ.”

ಮರುದಿನ ಎಂದಿನಂತೆ ನನಗೂ ಒಂದು ಟೀ ತಂದಿರಿ. ನಿವೃತ್ತಿಯಾಗಿ ನಿಮ್ಮೂರು ಕೋರಕ್ಕೆ ಹೋಗುವವರೆಗೂ ಆ ವಿಷಯ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೋದ ವಾರ ಅವ್ವನಿಗೆ ಎಲ್ಲ ಹೇಳಿದೆ. ಕೊಳಚೆ ಎಂದಾಗ ಮುಖ ಕಿವುಚಿದಳು, ಗೂಡಿನ ಕಡೆ ನೋಡಿದಳು. ಆದರೆ ಕೇಳಿದ್ದು ಬೇರೆ: “ಮಾಡೋ ಕೆಲ್ಸ ಮುಚ್ಚಿಟ್ಟೆ, ಆಗ್ಲಿ ಬುಡು. ಆ ಮನ್ಸನ್ನ ಯಾಕೆ ಮುಚ್ಚಿಟ್ಟೆ? ನಂಗೆ ಕಲ್ಸಿದೋರು ಅಂತ ಒಂದ್ ಮಾತ್ ಬರ್ಲಿಲ್ವೇನೇ ನಿನ್ ಬಾಯಲ್ಲಿ?”

ಬರಲಿಲ್ಲ, ನಂಜಣ್ಣ. ಅವ್ವನ ಪೂಜೆಗೆ ಹೆದರಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಹಾಗಲ್ಲ — ನಾಚಿಕೆ ಇದ್ದದ್ದು ನನಗೆ.

ಭಾನುವಾರ ಕೋರಕ್ಕೆ ಬರುತ್ತೇನೆ. ನಿಮ್ಮ ಹೆಂಡತಿ, ಮಕ್ಕಳ ಮುಂದೆ ಈ ಕಾಗದ ಓದುತ್ತೇನೆ. ಒಳಗೆ ಕರೆಯದಿದ್ದರೆ ಬೀದಿಯಲ್ಲೇ ನಿಂತು ಓದುತ್ತೇನೆ.