ಕೀಲೆಣ್ಣೆ ಹಚ್ಚಿದ ರೀಲು

ಕಾಫಿ ತೋಟದ ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಹಿಂದಿರುಗುವಾಗ ಮೀನು ಹಿಡಿಯುವ ರೀಲನ್ನು ನನ್ನ ಕೈಗಿಟ್ಟು ಹೋದ. ನಮ್ಮೂರ ಕಪಿಲೆ ಹೊಳೆಯಲ್ಲಿ ಆರು ವರ್ಷ ಅವನಿಗೆ ಮೀನಿನ ಮಡು ತೋರಿಸಿದ್ದಕ್ಕೆ ಅದು ಉಡುಗೊರೆ. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಚಿಕ್ಕದು, ಕುಂಕುಮದ ಭರಣಿಯಷ್ಟು ಹಗುರ. ನಾನೂ ನನ್ನ ತಮ್ಮನೂ ಬುದ್ಧಿ ಬಂದಾಗಿನಿಂದ ಬಿದಿರುಕೋಲಿನ ಗಾಳ ಹಿಡಿದವರು. ಇದು ಬೇರೆಯೇ ಜಾತಿ. ಕೋಲು ಬೀಸಿದರೆ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹಾರುತ್ತದೆ, ದಾರ ಸುತ್ತಿದ ಉರುಳೆ ಗಿರ್ರನೆ ತಿರುಗುತ್ತದೆ. ಆ ಉರುಳೆಯ ಮೇಲೆ ಹೆಬ್ಬೆರಳು ಇರಬೇಕು. ಒತ್ತಿದರೆ ಗುಂಡು ಕಾಲ ಬುಡದಲ್ಲೇ ಬೀಳುತ್ತದೆ. ಬಿಟ್ಟರೆ ಉರುಳೆ ಗುಂಡಿಗಿಂತ ಮುಂದೆ ಓಡಿ ದಾರವೆಲ್ಲ ಕಾಗೆಗೂಡು. ಹಸುಗೂಸಿನ ನೆತ್ತಿ ಮುಟ್ಟಿದ ಹಾಗೆ ಮುಟ್ಟಬೇಕು.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ನಾನೂ ಹೊಳೆ ನಡುವಿನ ಬಂಡೆಗೆ ಗುರಿಯಿಟ್ಟು ದಿನಾ ಎಸೆದೆ. "ಮೀನು ನೀರೊಳ್ಗವೆ ಕಣಣ್ಣ, ಬಂಡೆ ಮ್ಯಾಲಲ್ಲ" ಎಂದು ತಮ್ಮ ನಗುತ್ತಿದ್ದ. ಎರಡು ತಿಂಗಳು ಕಳೆಯುವುದರೊಳಗೆ ಹತ್ತರಲ್ಲಿ ಒಂಬತ್ತು ಸಲ ಗುಂಡು ಬಂಡೆಯ ಮೇಲೇ ಬೀಳುತ್ತಿತ್ತು. ನನಗೆ ಅದರ ಜಂಬವೂ ಇತ್ತು.

ಆ ವರ್ಷದ ಆಯುಧಪೂಜೆಗೆ ತಮ್ಮನ ಹೆಂಡತಿ ನೇಗಿಲು, ಕುಡುಗೋಲು, ಮಚ್ಚುಗಳ ಸಾಲಿನಲ್ಲಿ ರೀಲನ್ನೂ ಇಟ್ಟಳು. ಮದುವೆಯಾಗಿ ಬಂದ ಮೊದಲ ಹಬ್ಬ, ಎಲ್ಲದರಲ್ಲೂ ಮುತುವರ್ಜಿ. ತಿರುಗುವುದೆಲ್ಲ ಅವಳ ಪಾಲಿಗೆ ಗಾಡಿಯ ಗಾಲಿ. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ ಕೀಲೆಣ್ಣೆಯನ್ನು ಉರುಳೆಯ ಎರಡೂ ತುದಿಗೆ ಧಾರಾಳವಾಗಿ ತುಂಬಿ, ಮೇಲೆ ಅರಿಶಿನ ಕುಂಕುಮ ಇಟ್ಟಿದ್ದಳು. ನಾನು ನೋಡಿದೆ. ದೊರೆ ಅದಕ್ಕೆ ತೆಳುವಾದ ಎಣ್ಣೆಯನ್ನು ಕೋಳಿಗರಿಯ ತುದಿಯಿಂದ ಒಂದೇ ಹನಿ ಮುಟ್ಟಿಸುತ್ತಿದ್ದುದು ನನಗೆ ಗೊತ್ತಿತ್ತು. ಆದರೆ ಪೂಜೆಗಿಟ್ಟ ಆಯುಧವನ್ನು ಅಂದು ಮುಟ್ಟುವಂತಿಲ್ಲ. ಹೊಸ ಹೆಣ್ಣುಮಗಳ ಮನಸ್ಸು ನೋಯಿಸುವುದೇಕೆ, ನಾಳೆ ಒರೆಸಿದರಾಯಿತು ಎಂದುಕೊಂಡೆ.

ಮರುದಿನ ಊರಿನ ಅರ್ಧ ಗಂಡಸರು ಜಂಬೂಸವಾರಿ ನೋಡಲು ಮೈಸೂರಿಗೆ ಹೋಗಿದ್ದರು. ನೀರು ಮೊಣಕಾಲಷ್ಟೇ ಇದ್ದುದರಿಂದ ತಮ್ಮ ಗಾಳ ಹಿಡಿದು ಹೊಳೆ ನಡುವಿನ ಅದೇ ಬಂಡೆಗೆ ನಡೆದುಹೋಗಿ ಕೂತಿದ್ದ. ನಮ್ಮಲ್ಲಿ ಹನಿ ಮಳೆಯಿಲ್ಲ, ಬಿಸಿಲು. ವೈನಾಡಿನ ಬೆಟ್ಟದಲ್ಲಿ ಸುರಿದದ್ದು ನಮಗೆ ತಿಳಿಯುವುದು ನೀರು ಬಂದ ಮೇಲೆಯೇ. ಕೂಗು ಕೇಳಿ ಓಡುವಷ್ಟರಲ್ಲಿ ಹೊಳೆ ಕೆಂಪಗೆ ತುಂಬಿ ದಿಮ್ಮಿಗಳು ಉರುಳಿ ಬರುತ್ತಿದ್ದವು. ಅವನು ಬಂಡೆಯ ತುದಿಯಲ್ಲಿ ನಿಂತಿದ್ದ. ಆ ಸೆಳವಿಗೆ ಹರಿಗೋಲು ಇಳಿಯದು, ಈಜು ನಡೆಯದು. ರೀಲಿನ ದಾರವೊಂದು ಅವನ ಕೈ ಸೇರಿದರೆ, ಅದಕ್ಕೆ ಬಾವಿಹಗ್ಗ ಕಟ್ಟಿ ಕಳಿಸಬಹುದು. ಅವನು ಸೊಂಟಕ್ಕೆ ಬಿಗಿದುಕೊಂಡರೆ ಉಳಿದ ಏಳೆಂಟು ಜನ ಸೇರಿ ದಡಕ್ಕೆ ಎಳೆದುಕೊಳ್ಳಬಹುದು. ಮನೆಗೆ ಓಡಿ ರೀಲು ತಂದೆ. ಒರೆಸುವುದು ನೆನಪೇ ಆಗಲಿಲ್ಲ.

"ಎಸಿ ಅಣ್ಣಯ್ಯ, ಇಡ್ಕತೀನಿ" ಎಂದು ತಮ್ಮ ಕೂಗಿದ. ದನಿಯಲ್ಲಿ ಹೆದರಿಕೆಯೇ ಇರಲಿಲ್ಲ. ನನ್ನ ಕೈ ಮೇಲೆ ಅವನಿಗೆ ಅಷ್ಟು ನಂಬಿಕೆ.

ಬೀಸಿದೆ. ಉರುಳೆ ಅಂಟಂಟಾಗಿ ತಿರುಗಿತು, ಗುಂಡು ಅರ್ಧ ಹೊಳೆಗೇ ಬಿತ್ತು. ಸುತ್ತಿಕೊಂಡು, ಮೈಯ ಬಲವೆಲ್ಲ ಹಾಕಿ ಮತ್ತೆ ಬೀಸಿದೆ. ಈ ಸಲ ಉರುಳೆ ಒಮ್ಮೆಲೇ ಬಿಟ್ಟುಕೊಂಡಿತು, ಎಣ್ಣೆಯಾಗಿದ್ದ ಹೆಬ್ಬೆರಳು ಜಾರಿತು, ದಾರವೆಲ್ಲ ಗೋಜಲಾಯಿತು. ಕೂತು ಬಿಡಿಸತೊಡಗಿದೆ, ಉಗುರಿನಿಂದ, ಹಲ್ಲಿನಿಂದ. "ಬಿರ್ನೆ ಬುಡ್ಸಿ ಬಾವ, ಬಿರ್ನೆ ಬುಡ್ಸಿ" ಎಂದು ತಮ್ಮನ ಹೆಂಡತಿ ಪಕ್ಕದಲ್ಲಿ ನಿಂತು ಹೇಳುತ್ತಲೇ ಇದ್ದಳು. ಆಮೇಲೆ ಹೇಳುವುದನ್ನು ನಿಲ್ಲಿಸಿದಳು. ತಲೆ ಎತ್ತಿದಾಗ ಬಂಡೆಯೂ ಕಾಣಲಿಲ್ಲ.

ಮೂರನೆಯ ದಿನ ಕೆಳಗಿನ ಊರಿನ ಹತ್ತಿರ ಸಿಕ್ಕಿದ. ಮಣ್ಣು ಮಾಡಿ ಬಂದೆವು. ತಿಥಿ ಮುಗಿದ ಮೇಲೆ ಅವಳು ಬಾಗಿಲ ಮರೆಯಲ್ಲಿ ನಿಂತು ಕೇಳಿದಳು: "ದಿನಾ ಬಂಡೆ ಮ್ಯಾಲೆ ಬೀಳ್ತಿದ್ದ ಗುಂಡು ಅವತ್ತು ಯಾಕ್ ಬಾವ ಬೀಳ್ನಿಲ್ಲ?"

"ಗಾಳಿ ಕಣವ್ವ. ಎದುರುಗಾಳಿ ತಳ್ಬುಡ್ತು" ಎಂದೆ, ನೆಲ ನೋಡಿಕೊಂಡು. ಅವಳನ್ನು ಉಳಿಸಲು ಹೇಳಿದೆನೋ, ನೋಡಿಯೂ ಒರೆಸದೆ ಬಿಟ್ಟ ನನ್ನನ್ನು ಉಳಿಸಿಕೊಳ್ಳಲೋ, ಇಂದಿಗೂ ನನಗೆ ತಿಳಿಯದು.

ಅವಳು ಒಪ್ಪಿಕೊಂಡಳು. ಮಾತನಾಡಿಸಲು ಬಂದ ನೆಂಟರಿಗೆಲ್ಲ ತಾನೇ ಹೇಳುತ್ತಿದ್ದಳು, "ನಮ್ ಬಾವ ಸರ್‍ಯಾಗೇ ಎಸುದ್ರು, ಗಾಳಿ ಬುಡ್ನಿಲ್ಲ" ಎಂದು. ಆದರೆ ಆ ದಿನ ನನ್ನ ಪಕ್ಕದಲ್ಲೇ ಅವಳೂ ನಿಂತಿದ್ದಳು. ದಡದ ಬಿದಿರಿನ ಒಂದು ಎಲೆಯೂ ಅಲುಗಿರಲಿಲ್ಲ.