ತಿದ್ದಿದ ಪ್ರಶ್ನೆ

ಮುದ್ರಣಾಲಯದಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಅಲ್ಪವಿರಾಮ ಎಂದೇ. ಕರಡು ತಿದ್ದುವುದು ಅವರ ಕೆಲಸ. ಬುತ್ತಿಗೆ ಸುತ್ತಿದ ಹಳೇ ಪೇಪರಿನಲ್ಲಿ ತಪ್ಪು ಕಂಡರೂ ಪೆನ್ಸಿಲ್ ಹಾಕಿದ ಮೇಲೇ ತುತ್ತು ಎತ್ತುವವರು. ತಪ್ಪೆಂದು ಹೊಡೆದದ್ದು ಸರಿಯಾಗಿಯೇ ಇತ್ತೆಂದು ಆಮೇಲೆ ತಿಳಿದರೆ, ಅದರ ಕೆಳಗೆ ಚುಕ್ಕೆಗಳ ಸಾಲು ಇಟ್ಟು ಅಂಚಿನಲ್ಲಿ ‘ಇದ್ದಂತೆ ಇರಲಿ’ ಎಂದು ಬರೆಯುವುದು ಆ ಕಸುಬಿನ ರೂಢಿ. ಅವರಿಗೆ ಹಾಗೆ ಬರೆಯುವ ಪ್ರಸಂಗ ಬಂದದ್ದು ಕಡಿಮೆ, ಬಂದಾಗ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ.

ಹೊಸ ಮ್ಯಾನೇಜರು ಬಂದವರೇ, ಪದವಿ ಇಲ್ಲದವರಿಗೆ ಈ ವರ್ಷದಾಚೆ ಕೆಲಸವಿಲ್ಲ ಎಂದುಬಿಟ್ಟರು. ಅಲ್ಪವಿರಾಮರ ಪದವಿ ಯೌವನದಲ್ಲೇ ಒಂದು ವಿಷಯಕ್ಕೆ ಸಿಕ್ಕಿಕೊಂಡು ನಿಂತಿತ್ತು: ಕ್ಯಾಲ್ಕುಲಸ್. ಹಳೇ ವಿದ್ಯಾರ್ಥಿಗಳಿಗೆಂದು ವಿಶ್ವವಿದ್ಯಾಲಯ ಕಡೆಯದಾಗಿ ಒಂದು ಪರೀಕ್ಷೆ ಇಟ್ಟಿತು. ಅವರು ಪುಸ್ತಕ ತೆರೆದರು. ಅಚ್ಚು ಬಹಳ ಶುದ್ಧವಾಗಿತ್ತು, ಅರ್ಥ ಮಾತ್ರ ಎಲ್ಲೂ ಕಾಣಲಿಲ್ಲ.

ಮೊದಲು ಹೋದದ್ದು ಗಣಿತದ ಪ್ರೊಫೆಸರರ ಬಳಿಗೆ. ಅವರ ಆತ್ಮಕಥೆಯ ಕರಡು ತಿದ್ದಿದ್ದ ಸಲುಗೆ.

“ಕ್ಯಾಲ್ಕುಲಸ್ ಅಂದ್ರೆ ಸೌಂದರ್ಯ ಕಣ್ರೀ. ನನಗೆ ಹೇಗೆ ಒಲೀತು ಅನ್ನೋದು ಏಳನೇ ಅಧ್ಯಾಯದಲ್ಲಿದೆ, ಓದಿ,” ಎಂದು ಪ್ರೊಫೆಸರರು ಸಹಿ ಹಾಕಿ ಒಂದು ಪ್ರತಿ ಕೊಟ್ಟರು. ಇವರಿಗೆ ಆ ಅಧ್ಯಾಯ ಬಾಯಿಪಾಠ. ಅದರಲ್ಲಿ ಗಣಿತಕ್ಕಿಂತ ಸನ್ಮಾನಗಳೇ ಜಾಸ್ತಿ.

ಕೊನೆಗೆ ನೆರವಿಗೆ ಬಂದವಳು ಗಣಿತ ಓದುತ್ತಿದ್ದ ತಂಗಿಯ ಮಗಳು. ಅಡುಗೆಮನೆಯ ಮೇಜಿನ ಮೇಲೆ ಒಂದು ಲೆಕ್ಕ ಬಿಡಿಸಿ ತೋರಿಸಿದಳು. ಇವರು ಅದನ್ನು ತಿದ್ದಿ ವಾಪಸು ಕೊಟ್ಟರು.

“ಮಾವ, ನನ್ನ ಲೆಕ್ಕಕ್ಕೆ ಪೂರ್ಣವಿರಾಮ ಯಾರು ಕೇಳಿದ್ರು?”

“ಇಲ್ದಿದ್ರೆ ಮುಗಿದ ಹಾಗೆ ಅನ್ಸಲ್ಲಮ್ಮ.”

“ಆ ಪೆನ್ಸಿಲ್ ಇಲ್ಲಿ ಕೊಡಿ.”

ಪೆನ್ಸಿಲ್ ಕಿತ್ತಿಟ್ಟುಕೊಂಡು, ಎರಡು ಬೆಂಕಿಕಡ್ಡಿಗಳ ಬುಡ ಸೇರಿಸಿ ಮೇಲೆ ಅಗಲಿಸಿ ಇಟ್ಟಳು. “ಎಡಗಡೇದು ಇಳ್ಕೊಂಡು ಬರುತ್ತೆ, ಬಲಗಡೇದು ಏರ್ಕೊಂಡು ಹೋಗುತ್ತೆ. ಎರಡೂ ಸೇರೋ ಮೊನೇಲಿ ಇರೋದು ಇಳಿಜಾರೋ, ಏರೋ?”

“ಹೇಳಕ್ಕಾಗಲ್ಲ. ಅಲ್ಲಿ ಇಬ್ಬರಿಗೂ ಜಗಳ.”

“ಅಷ್ಟೇ ಮಾವ. ಇಳಿಜಾರು ಎಷ್ಟು ಅನ್ನೋ ಲೆಕ್ಕವೇ ಅವಕಲನ, ಅದಕ್ಕೇ ಆ ಮೊನೇಲಿ ಅವಕಲನ ಇಲ್ಲ ಅನ್ನೋದು.”

ಪುಸ್ತಕದ ತುಂಬ ಇದ್ದ ಆ ಪದ ಅವತ್ತು ಮೊದಲ ಸಲ ಅರ್ಥವಾಯಿತು. ಮೇಜಿನ ತುಂಬ ಮತ್ತೆ ಮತ್ತೆ ಕಡ್ಡಿ ಜೋಡಿಸಿ ನೋಡಿದರು. ಒಲೆ ಹಚ್ಚಲು ಕಡ್ಡಿ ಉಳಿಯಲಿಲ್ಲ.

ಪರೀಕ್ಷೆ ಬರೆದು ಬಂದವರ ಮುಖದಲ್ಲಿ ಕಳೆಯಿತ್ತು.

“ದೊಡ್ಡ ಪ್ರಶ್ನೇಲೇ ಅಚ್ಚಿನ ತಪ್ಪಮ್ಮ. ಎಕ್ಸ್‌ನ ಎರಡೂ ಪಕ್ಕದ ಕಂಸ ಸವೆದು ನೆಟ್ಟಗೆ ಗೆರೆ ಆಗಿಬಿಟ್ಟಿತ್ತು, ಬಗ್ಗಿಸಿದೆ. ಸೊನ್ನೇಲಿ ಅವಕಲನ ಇಲ್ಲ ಅಂತ ತೋರಿಸ್ಬೇಕಂತೆ. ಬರೀ ಎಕ್ಸ್‌ಗೆ ಯಾಕಿಲ್ಲ? ‘ಇದೆ’ ಅಂತ ತಿದ್ದಿ, ತೋರಿಸಿಯೂ ಬಂದೆ.”

ಹುಡುಗಿ ಅವರ ಕೈಯಿಂದ ಪ್ರಶ್ನೆಪತ್ರಿಕೆ ತೆಗೆದುಕೊಂಡು ನೋಡಿದಳು.

“ಅದು ಕಂಸ ಅಲ್ಲ ಮಾವ. ನೆಟ್ಟನೆ ಗೆರೇನೇ. ಅದರೊಳಗೆ ಋಣಸಂಖ್ಯೆ ಬಂದ್ರೂ ಧನ ಆಗುತ್ತೆ. ಚಿತ್ರ ಬರೆದ್ರೆ...” ಎಂದವಳೇ ಎರಡು ಬೆಂಕಿಕಡ್ಡಿ ತಂದು ಬುಡ ಸೇರಿಸಿ ಇಟ್ಟಳು.

“ಇದಾ?”

“ಇದೇ. ಅವತ್ತು ನಾನು ಚಿತ್ರ ತೋರಿಸಿದೆ, ಆ ಗೆರೆ ಗುರುತು ಹೇಳೋದು ಮರ್ತೆ.”

“ಮಿಕ್ಕಿದ್ದರಲ್ಲಿ ಪಾಸಾಗ್ತೀನಾ?”

ಅವಳು ಉಳಿದ ಉತ್ತರಗಳನ್ನು ಒಂದೊಂದಾಗಿ ಕೇಳಿದಳು. ಕೇಳಿ ಮುಗಿದ ಮೇಲೆ, ಎತ್ತಿಟ್ಟಿದ್ದ ಪೆನ್ಸಿಲ್ ತಂದು ಅವರ ಮುಂದಿಟ್ಟಳು.

ಅವರಿಗೆ ಚೆನ್ನಾಗಿ ಗೊತ್ತಿದ್ದದ್ದು ಆ ಬೆಂಕಿಕಡ್ಡಿಯ ಉತ್ತರವೊಂದೇ. ಪ್ರಶ್ನೆಪತ್ರಿಕೆ ಎಳೆದುಕೊಂಡು, ತಾವು ಹೊಡೆದುಹಾಕಿದ್ದ ‘ಇಲ್ಲ’ದ ಕೆಳಗೆ ಒಂದೊಂದೇ ಚುಕ್ಕೆ ಇಟ್ಟರು. ಅಂಚಿನಲ್ಲಿ ದುಂಡಗೆ ಬರೆದರು: ಇದ್ದಂತೆ ಇರಲಿ.