ಮುದ್ದತು ಮುಗಿಯುವ ಮುನ್ನ

ಗಂಗಾವತಿಯಲ್ಲಿ ನಾವಿದ್ದದ್ದು ಲೀಸಿನ ಮನೆ. ದೊಡ್ಡ ಮೊತ್ತ ಒಮ್ಮೆಲೇ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ. ಮುದ್ದತು ಮುಗಿದ ಮೇಲೆ ಕೊಟ್ಟಷ್ಟೂ ವಾಪಸ್. ನಮ್ಮ ಮುದ್ದತು ಮೂರು ವರ್ಷ. ಒಂದೇ ವರ್ಷಕ್ಕೆ ನಮ್ಮ ಯಜಮಾನರಿಗೆ ಕುಷ್ಟಗಿಗೆ ವರ್ಗವಾಯಿತು. ಅಲ್ಲಿ ಮನೆ ಹಿಡಿಯಬೇಕೆಂದರೆ ಇಲ್ಲಿಯ ಹಣ ಕೈಗೆ ಬರಬೇಕು. ಮನೆಯೊಡತಿ ಮಹಡಿಯ ಮೇಲಿದ್ದ ಚಾಚಿ, ಗಂಡ ತೀರಿಕೊಂಡಿದ್ದ. ನಮ್ಮ ಹಣವನ್ನು ಅವರು ಆಗಲೇ ಮಗನ ಬಟ್ಟೆ ಅಂಗಡಿಗೆ ಹಾಕಿದ್ದರು.

ನಮ್ಮ ಕಡೆ ಇದಕ್ಕೊಂದು ರೂಢಿ ಇದೆ. ಮುದ್ದತಿಗೆ ಮೊದಲೇ ಬಿಡುವವರು ಮುಂದಿನವರನ್ನು ತಾವೇ ಹುಡುಕಿ ಕೊಡಬೇಕು. ಅವರು ತಂದ ಹಣವೇ ನಮಗೆ. ಸರಿ, ನಾನೇ ದಲ್ಲಾಳಿಯಾದೆ. ಬಂದವರಿಗೆ ಚಹಾ ಕೊಟ್ಟು, ಗಾಳಿ ಬೆಳಕು ಎಲ್ಲ ಹೊಗಳುತ್ತಿದ್ದೆ. ಅಷ್ಟರಲ್ಲಿ ಚಾಚಿ ಇಳಿದು ಬಂದು, "ಮಳಿಗಾಲದಾಗ ಅಡಗಿಮನಿ ಸೋರತೈತ್ರಿ, ಮೊದ್ಲ ಹೇಳೇನಿ ನೋಡ್ರಿ" ಎಂದುಬಿಡುವರು. ಎತ್ತು ಏರಿಗೆ, ಕೋಣ ನೀರಿಗೆ. ಬಂದವರು ಚಹಾ ಮುಗಿಸಿ ಹೋಗುವರು.

ಒಂದು ದಿನ ನನಗೆ ಸಿಟ್ಟು ನೆತ್ತಿಗೇರಿತು. "ರೊಕ್ಕ ಕೊಡೂ ಮನಸ್ಸಿಲ್ಲಂದ್ರ ಹಂಗ ಹೇಳ್ರಿ ಚಾಚಿ. ನಾವು ಬಂದಾಗ ಸೋರತೈತಿ ಅಂತ ಹೇಳಿದ್ರೇನು?"

ಚಾಚಿ ಮೆಟ್ಟಿಲ ಮೇಲೆ ಕುಳಿತರು. "ಹೇಳಲಿಲ್ಲ, ಬೇಟಿ. ಅದಕ್ಕ ಅಲ್ಲೇನು ನೀವು ಬಿಟ್ಟು ಹೊಂಟಿದ್ದು? ನಿಮಗೇನೋ ಬರೋರ ರೊಕ್ಕ ಕೊಡ್ತೀನಿ. ಮಳಿ ಬಂದ ಕೂಡ್ಲೆ ಅವರೂ ಹೊಂಟ್ರ, ಅವರಿಗೆ ಯಾರದು ಕೊಡ್ಲಿ?"

ವರ್ಗದ ಮಾತನ್ನು ಅವರು ನಂಬಿಯೇ ಇರಲಿಲ್ಲ. ಹೋದ ಮಳೆಗಾಲವಿಡೀ ಸೋರುವ ಕಡೆ ಬೋಗುಣಿ ಇಟ್ಟುಕೊಂಡು ನಾನು ಗೊಣಗಿದ್ದೆನಲ್ಲ, ವರ್ಗವೆಂಬುದು ಅದರ ನೆಪ ಅಂದುಕೊಂಡಿದ್ದರು. ಯಜಮಾನರ ಆರ್ಡರ್ ತೋರಿಸಿದೆ. ತಿರುವಿ ನೋಡಿ, "ಇರ್ಲಿ ಬಿಡ್ರಿ" ಎಂದು ವಾಪಸ್ ಕೊಟ್ಟರು. ಪಾಪ ಅನ್ನಿಸಿತು. ಮರುದಿನದಿಂದ ಸೋರುವ ಸುದ್ದಿಯನ್ನು ನಾನೇ ಹೇಳತೊಡಗಿದೆ.

ಕೊನೆಗೆ ನವಲಿ ಕಡೆಯ ಟೀಚರಮ್ಮ ಒಬ್ಬರು ಬಂದು, ಮೇಲೆ ಮಹಡಿಯಿಲ್ಲದ ಅಡುಗೆಮನೆಯ ಛತ್ತು ನೋಡಿದರು. "ಎಲ್ಲಿ ಸೋರತೈತಿ ಗೊತ್ತಾತಲ್ಲ, ಸಾಕ್ರಿ" ಎಂದು ಒಪ್ಪಿದರು. ಅವರು ಕೊಟ್ಟ ಹಣವನ್ನು ಚಾಚಿ ಹಾಗೇ ನನ್ನ ಕೈಗಿಟ್ಟರು. ನಡುವೆ ಬಿಟ್ಟವರು ಸುಣ್ಣಬಣ್ಣದ ಖರ್ಚು ಕೊಡಬೇಕೆಂದು ಕರಾರಿನಲ್ಲಿತ್ತು. ಅಷ್ಟನ್ನು ತೆಗೆದು ಕೊಟ್ಟೆ. ಸೆರಗಿಗೆ ಕಟ್ಟಿಕೊಳ್ಳುತ್ತ ಚಾಚಿ ಅಂದರು:

"ಬಣ್ಣ ಹಂಗ ಇರ್ಲಿ. ಇದ್ರಾಗ ಛತ್ತ ರಿಪೇರಿ ಮಾಡಸ್ತೀನಿ. ಇವರರೆ ಮುದ್ದತ ಪೂರಾ ಇರ್ಲಿ."

ಸಾಮಾನಿನ ಗಾಡಿ ಕುಷ್ಟಗಿ ಮುಟ್ಟುವವರೆಗೂ, ನಾವಂತೂ ಇರಲಿಲ್ಲ, ಇವರಾದರೂ ಎಂಬ ಆ 'ಇವರರೆ' ನನ್ನ ಕಿವಿಯಲ್ಲಿತ್ತು.